ಮೊದಲು ಮಗುವಿನ ಎತ್ತರ ಅಳೆಯಿರಿ: ಕರಾವಳಿಯಿಂದ ಥೀಮ್ ಪಾರ್ಕ್ ಪ್ರವಾಸ, ಕೈ ಸುಡದ ಹಾಗೆ

ರಜೆ ಹತ್ತಿರ ಬಂತೆಂದರೆ ಮಂಗಳೂರು, ಉಡುಪಿ ಕಡೆಯ ಮನೆಗಳಲ್ಲಿ ಬೆಂಗಳೂರು ಬಳಿಯ ಬಿಡದಿಯ ಥೀಮ್ ಪಾರ್ಕ್ ವಂಡರ್‌ಲಾ ಮಾತು ಶುರು. ಹೆಚ್ಚಿನವರು ಮೊದಲು ಟಿಕೆಟ್ ದರ ನೋಡುತ್ತಾರೆ. ಅದಕ್ಕೂ ಮೊದಲು ಮಗುವಿನ ಚಪ್ಪಲಿ ಬಿಚ್ಚಿಸಿ ಗೋಡೆಗೆ ಒರಗಿಸಿ ನಿಲ್ಲಿಸಿ. ತಲೆಯ ಮೇಲೆ ಒಂದು ಪುಸ್ತಕ ಅಡ್ಡ ಹಿಡಿದು, ಗೋಡೆಯಲ್ಲಿ ಪೆನ್ಸಿಲ್ ಗೆರೆ ಎಳೆದು, ಟೇಪ್ ಹಿಡಿದು ಅಳೆಯಿರಿ. ಯಾವ ಪಾರ್ಕಿಗೆ ಹೋಗಬೇಕು, ಎಷ್ಟು ಖರ್ಚು, ಕೊಟ್ಟ ಹಣಕ್ಕೆ ಮಗು ಎಷ್ಟು ಆಟ ಆಡುತ್ತದೆ ಎಂಬುದೆಲ್ಲ ಆ ಗೆರೆಯ ಮೇಲೆ ನಿಂತಿದೆ.

ವಂಡರ್‌ಲಾದಲ್ಲಿ ಮಕ್ಕಳ ಟಿಕೆಟ್‌ಗೆ ವಯಸ್ಸು ಲೆಕ್ಕಕ್ಕಿಲ್ಲ. 85 ಸೆಂ.ಮೀ.ಗಿಂತ ಗಿಡ್ಡ ಇದ್ದರೆ ಉಚಿತ, 85ರಿಂದ 140 ಸೆಂ.ಮೀ.ವರೆಗೆ ಮಕ್ಕಳ ಟಿಕೆಟ್, ಅದಕ್ಕಿಂತ ಮೇಲಿದ್ದರೆ ದೊಡ್ಡವರ ಟಿಕೆಟ್. ದೊಡ್ಡ ರೋಮಾಂಚಕ ಆಟಗಳಿಗೂ ಇಂಥದ್ದೇ ಎತ್ತರದ ಮಿತಿ ಇರುತ್ತದೆ. ಹಾಗಾಗಿ 110 ಸೆಂ.ಮೀ. ಇರುವ ಮಗು ಜಾಹೀರಾತಿನಲ್ಲಿ ಕಾಣುವ ರೋಲರ್ ಕೋಸ್ಟರ್‌ಗಳ ಗೇಟಿನ ಹೊರಗೇ ನಿಲ್ಲಬೇಕು. ಮಗುವನ್ನು ನೋಡಿಕೊಳ್ಳಲು ಅಪ್ಪ ಅಥವಾ ಅಮ್ಮನೂ ಜೊತೆಗೆ ನಿಲ್ಲಬೇಕು. ಪೂರ್ತಿ ಹಣ ಕೊಟ್ಟ ಇಬ್ಬರು ಅರ್ಧ ದಿನ ಸುಮ್ಮನೆ ಕಾಯುತ್ತಾರೆ. ಮಕ್ಕಳೆಲ್ಲ 120 ಸೆಂ.ಮೀ.ಗಿಂತ ಕೆಳಗಿದ್ದರೆ ಬೆಂಗಳೂರು ಪ್ರವಾಸವನ್ನು ಎರಡು ವರ್ಷ ಮುಂದೂಡುವುದೇ ಜಾಣತನ. ಒಂದು ಮಗು 138ರ ಹತ್ತಿರ ಇದ್ದರೆ ಲೆಕ್ಕ ತಿರುಗುತ್ತದೆ: ಈ ರಜೆಯಲ್ಲಿ ಮಕ್ಕಳ ಟಿಕೆಟ್, ಮುಂದಿನ ರಜೆಯಲ್ಲಿ ದೊಡ್ಡವರ ಟಿಕೆಟ್. ಗೇಟಿನಲ್ಲಿ ಮತ್ತೆ ಅಳೆಯುತ್ತಾರೆ, ವ್ಯತ್ಯಾಸವಿದ್ದರೆ ಉಳಿದ ಹಣ ಅಲ್ಲೇ ಕಟ್ಟಬೇಕಾಗುತ್ತದೆ. ಎತ್ತರ ಗಡಿಯ ಹತ್ತಿರವಿದ್ದರೆ ಆ ಹಣವನ್ನು ಮೊದಲೇ ಎತ್ತಿಡಿ.

ಯಾರಿಗೆ ಯಾವ ಪಾರ್ಕ್

ಸಣ್ಣ ಮಕ್ಕಳಿರುವ ಮನೆಗೆ ಪಿಲಿಕುಳದ ಮಾನಸ ವಾಟರ್ ಪಾರ್ಕ್ ಸಾಕು. ಮಂಗಳೂರು ಪೇಟೆಯಿಂದ ಹನ್ನೆರಡು ಕಿ.ಮೀ. ಆಸುಪಾಸು, ವಾಮಂಜೂರು ದಾಟಿದರೆ ಆಯಿತು, ಸ್ಟೇಟ್‌ಬ್ಯಾಂಕ್ ಬಸ್ ನಿಲ್ದಾಣದಿಂದ ಸಿಟಿ ಬಸ್ ಇದೆ. ರಾತ್ರಿ ಉಳಿಯುವ ಖರ್ಚಿಲ್ಲ. ಅರ್ಧ ದಿನ ನೀರಿನಾಟ, ಉಳಿದ ಅರ್ಧ ದಿನ ಪಕ್ಕದಲ್ಲೇ ಇರುವ ಮೃಗಾಲಯ ಅಥವಾ 2018ರಲ್ಲಿ ಆರಂಭವಾದ ಸ್ವಾಮಿ ವಿವೇಕಾನಂದ ತಾರಾಲಯ. ಸೋಮವಾರ ಮೃಗಾಲಯ ಮುಚ್ಚಿರುತ್ತದೆ, ಆ ದಿನ ಇಟ್ಟುಕೊಳ್ಳಬೇಡಿ. ನೀರಿಗೆ ಹೆದರುವ ಮಗು ಮನೆಯಲ್ಲಿದ್ದರೆ ದೊಡ್ಡ ಪ್ರವಾಸಕ್ಕೆ ಮೊದಲು ಇಲ್ಲಿಗೆ ಒಮ್ಮೆ ಕರೆದುಕೊಂಡು ಹೋಗಿ. 350 ಕಿ.ಮೀ. ಪ್ರಯಾಣ ಮಾಡಿ, ಸಾವಿರಗಟ್ಟಲೆ ಕೊಟ್ಟು ಒಳಗೆ ಹೋದ ಮೇಲೆ ಮಗು ನೀರಿಗಿಳಿಯಲ್ಲ ಎಂದು ಅಳಲು ಕೂತರೆ ಬೈದು ಪ್ರಯೋಜನವಿಲ್ಲ.

ಮಧ್ಯಮ ಬಜೆಟ್‌ನವರು ಹೆಚ್ಚು ಯೋಚಿಸದ ಜಾಗ ಕೇರಳದ ಕಣ್ಣೂರು ಹತ್ತಿರದ ಪರಶ್ಶಿನಿಕಡವಿನ ವಿಸ್ಮಯ ಪಾರ್ಕ್. ಕಣ್ಣೂರಿಗೆ ಮಂಗಳೂರು ಸೆಂಟ್ರಲ್‌ನಿಂದ ರೈಲಿನಲ್ಲಿ ಸುಮಾರು 130 ಕಿ.ಮೀ. ಬೆಳಿಗ್ಗೆ ಹೊರಟು ರಾತ್ರಿ ಮನೆಗೆ ಬರಬಹುದು, ಆದ್ದರಿಂದ ಲಾಡ್ಜ್ ಬೇಡ. ಹಗಲಿನ ರೈಲಾದ್ದರಿಂದ ಜನರಲ್ ಟಿಕೆಟ್‌ನಲ್ಲೂ ನಡೆಯುತ್ತದೆ. ಕಣ್ಣೂರಿನಿಂದ ಪರಶ್ಶಿನಿಕಡವಿಗೆ ಬಸ್ ಇದೆ. ನಮ್ಮ ದಸರಾ ರಜೆಯ ಎರಡು ವಾರ ಕೇರಳದ ಶಾಲೆಗಳಿಗೆ ಇಲ್ಲ. ಅಲ್ಲಿ ಪೂಜೆಯ ಕೆಲವೇ ದಿನ ರಜೆ. ಆ ದಿನಗಳನ್ನೂ ಶನಿವಾರ, ಭಾನುವಾರವನ್ನೂ ಬಿಟ್ಟು ವಾರದ ನಡುವೆ ಹೋದರೆ ಸಾಲಿನಲ್ಲಿ ನಿಲ್ಲುವ ಸಮಯ ಬಹಳ ಉಳಿಯುತ್ತದೆ. ಓಣಂ ದಿನಗಳಲ್ಲಿ ಮಾತ್ರ ಆ ಕಡೆ ತಲೆ ಹಾಕಬೇಡಿ. ಹತ್ತಿರದಲ್ಲೇ ಮುತ್ತಪ್ಪನ ಸನ್ನಿಧಿ ಇದೆ. ಬಂದವರಿಗೆಲ್ಲ ಬೇಯಿಸಿದ ಕಾಳು, ತೆಂಗಿನಕಾಯಿ ಚೂರು, ಚಹಾ ಪ್ರಸಾದವಾಗಿ ಕೊಡುತ್ತಾರೆ. ಹಿರಿಯರು ಜೊತೆಗಿದ್ದರೆ ಅವರ ದಿನವೂ ಸಾರ್ಥಕವಾಗುತ್ತದೆ.

ಮೂರನೆಯದು ಮೈಸೂರಿನ ಜಿಆರ್‌ಎಸ್ ಫ್ಯಾಂಟಸಿ ಪಾರ್ಕ್. ಇಲ್ಲಿ ಒಂದು ರಾತ್ರಿ ಉಳಿಯಬೇಕು, ಆದರೆ ಶಕ್ತಿ ಯೋಜನೆಯ ಪೂರ್ತಿ ಲಾಭ ಸಿಗುವುದು ಈ ದಾರಿಯಲ್ಲೇ. 2023ರ ಜೂನ್ 11ರಿಂದ ರಾಜ್ಯದ ಮಹಿಳೆಯರಿಗೆ ಸಾಮಾನ್ಯ ಸರಕಾರಿ ಬಸ್‌ಗಳಲ್ಲಿ ಟಿಕೆಟ್‌ಗೆ ದುಡ್ಡಿಲ್ಲ. ಮಂಗಳೂರಿನಿಂದ ಪುತ್ತೂರು, ಸುಳ್ಯ, ಮಡಿಕೇರಿ ಮೂಲಕ ಮೈಸೂರಿಗೆ ಹೋಗುವ ಕೆಂಪು ಬಸ್‌ನಲ್ಲಿ ಅಮ್ಮ, ಅಜ್ಜಿ, ಮಗಳು ಮೂವರೂ ಉಚಿತ. ಕರ್ನಾಟಕದ ವಿಳಾಸವಿರುವ ಗುರುತಿನ ಚೀಟಿ ಕೈಯಲ್ಲಿರಲಿ. ರಾಜಹಂಸ, ಸ್ಲೀಪರ್, ಎಸಿ ಬಸ್‌ಗಳಿಗೆ ಇದು ಅನ್ವಯಿಸುವುದಿಲ್ಲ, ಕಾಸರಗೋಡಿನಂಥ ಹೊರರಾಜ್ಯದ ಬಸ್‌ಗೂ ಇಲ್ಲ. ಉಡುಪಿಯವರು ಮಂಗಳೂರಿನವರೆಗೆ ಬರುವ ಖಾಸಗಿ ಎಕ್ಸ್‌ಪ್ರೆಸ್ ಬಸ್‌ಗೂ ದುಡ್ಡು ಕೊಡಲೇಬೇಕು, ಅದನ್ನು ಲೆಕ್ಕಕ್ಕೆ ಸೇರಿಸಿಕೊಳ್ಳಿ. ಭಾನುವಾರ ಬೆಳಿಗ್ಗೆ ಹೊರಟು ಸಂಜೆ ಅರಮನೆಯ ದೀಪಾಲಂಕಾರ ನೋಡಿ, ಸೋಮವಾರ ಪಾರ್ಕ್ ಮುಗಿಸುವುದು ಒಳ್ಳೆಯ ಜೋಡಣೆ. ಮಂಗಳವಾರಕ್ಕೆ ಮೃಗಾಲಯ ಇಟ್ಟುಕೊಂಡರೆ ಕೆಟ್ಟಿರಿ, ಅಲ್ಲಿ ರಜೆ ಮಂಗಳವಾರವೇ. ದಸರಾ ಸಮಯದಲ್ಲಿ ಮೈಸೂರಿನ ಲಾಡ್ಜ್ ದರ ಏರುವುದರಿಂದ ಈ ಯೋಜನೆ ಆಗ ಲಾಭವಲ್ಲ.

ಮಕ್ಕಳು ಬೆಳೆದಿದ್ದರೆ, 140 ದಾಟಿದ್ದರೆ ಅಥವಾ ಹತ್ತಿರ ಬಂದಿದ್ದರೆ, ಆಗ ಬಿಡದಿಯ ವಂಡರ್‌ಲಾ. ಮುಂದಿನ ಲೆಕ್ಕವೆಲ್ಲ ಅದಕ್ಕೆ.

ಎರಡು ರಾತ್ರಿ ರೈಲಿನಲ್ಲಿ, ಒಂದು ಹಗಲು ಪಾರ್ಕಿನಲ್ಲಿ

ಖರ್ಚು ಕಡಿಮೆ ಮಾಡುವ ದೊಡ್ಡ ದಾರಿ ಬೆಂಗಳೂರಿನಲ್ಲಿ ರೂಮ್ ಮಾಡದೇ ಇರುವುದು. ಮಂಗಳೂರು ಸೆಂಟ್ರಲ್‌ನಿಂದ ರಾತ್ರಿ ಹೊರಡುವ ಕಣ್ಣೂರು–ಬೆಂಗಳೂರು ಎಕ್ಸ್‌ಪ್ರೆಸ್ ಬೆಳಿಗ್ಗೆ ಬೆಂಗಳೂರು ತಲುಪಿಸುತ್ತದೆ. ಉಡುಪಿ, ಕುಂದಾಪುರದವರಿಗೆ ಪಂಚಗಂಗಾ ಎಕ್ಸ್‌ಪ್ರೆಸ್ ಅನುಕೂಲ. ಆದರೆ ಬರುವಾಗ ಪಂಚಗಂಗಾ ಹಿಡಿಯಲು ಹೋಗಬೇಡಿ. ಅದು ಬೆಂಗಳೂರಿನಿಂದ ಸಂಜೆ ಏಳರೊಳಗೆ ಹೊರಟುಬಿಡುತ್ತದೆ, ಅದನ್ನು ನಂಬಿದರೆ ಪಾರ್ಕಿನಿಂದ ಮೂರೂವರೆಗೇ ಓಡಬೇಕು. ಮರಳಲು ರಾತ್ರಿ ಒಂಬತ್ತೂವರೆಯ ಸುಮಾರಿಗೆ ಹೊರಡುವ ಕಣ್ಣೂರು ಎಕ್ಸ್‌ಪ್ರೆಸ್ ಸರಿಯಾದದ್ದು. ಉಡುಪಿಯವರು ಮಂಗಳೂರಿನಲ್ಲಿ ಇಳಿದು ಬಸ್ ಹಿಡಿದರಾಯಿತು.

ರೈಲ್ವೆ ಮುಂಗಡ ಬುಕಿಂಗ್ ಈಗ 60 ದಿನ ಮೊದಲು ತೆರೆಯುತ್ತದೆ, 2024ರ ನವೆಂಬರ್‌ಗೆ ಮೊದಲಿದ್ದ 120 ದಿನವನ್ನೇ ನೆನಪಿಟ್ಟುಕೊಂಡವರು ಗೊಂದಲ ಮಾಡಿಕೊಳ್ಳುತ್ತಾರೆ. ರಜೆಯ ದಿನಗಳ ಸ್ಲೀಪರ್ ಬೇಗ ತುಂಬುತ್ತದೆ, ಕ್ಯಾಲೆಂಡರ್‌ನಲ್ಲಿ ಗುರುತು ಹಾಕಿಕೊಂಡು ಮೊದಲ ದಿನವೇ ಕೂರಿ. ಮರಳುವ ಟಿಕೆಟ್ ಖಚಿತವಾಗುವ ತನಕ ಪಾರ್ಕ್ ಟಿಕೆಟ್ ತೆಗೆಯಬೇಡಿ. ವೇಟಿಂಗ್ ಲಿಸ್ಟ್ ನಂಬಿ ಹೋದವರೇ ಕೊನೆಗೆ ದುಬಾರಿ ಖಾಸಗಿ ಬಸ್ ಹತ್ತುವುದು.

ಐದು ವರ್ಷದೊಳಗಿನ ಮಗುವಿಗೆ ಪ್ರತ್ಯೇಕ ಬರ್ತ್ ಬೇಡ ಎಂದರೆ ಟಿಕೆಟ್ ಇಲ್ಲ. ಐದರಿಂದ ಹನ್ನೆರಡು ವರ್ಷದೊಳಗಿನವರಿಗೆ ಬರ್ತ್ ಬೇಡವೆಂದರೆ ಅರ್ಧ ದರ, ಬೇಕೆಂದರೆ ಪೂರ್ತಿ ದರ. ಸಣ್ಣ ಮಕ್ಕಳು ಇಬ್ಬರಿದ್ದರೆ ಒಬ್ಬರಿಗೆ ಬರ್ತ್ ತೆಗೆದು ಇನ್ನೊಬ್ಬರಿಗೆ ಅರ್ಧ ಟಿಕೆಟ್ ಮಾಡಿ, ಇಬ್ಬರೂ ತಲೆ-ಕಾಲು ತಿರುಗಿಸಿ ಮಲಗಬಹುದು. ಹತ್ತು ದಾಟಿದ ಮಗುವಿಗೆ ಇದನ್ನು ಮಾಡಲು ಹೋಗಬೇಡಿ. ನಿದ್ದೆಯಿಲ್ಲದ ಮಗು ಮಧ್ಯಾಹ್ನ ಎರಡಕ್ಕೆ ಸುಸ್ತಾಗಿ ಕೂರುತ್ತದೆ, ಟಿಕೆಟಿನ ಅರ್ಧ ಹಣ ಅಲ್ಲಿ ಹೋಯಿತು.

ಕಾರಿನ ಲೆಕ್ಕ ಬಹಳ ಜನ ತಪ್ಪುತ್ತಾರೆ. ಹೋಗಿ ಬರಲು 700 ಕಿ.ಮೀ. ಮೀರುತ್ತದೆ. ಲೀಟರಿಗೆ 15 ಕಿ.ಮೀ. ಹಿಡಿದರೂ ಸುಮಾರು 48 ಲೀಟರ್, ಮೇಲೆ ಟೋಲ್, ಊಟ, ಚಾಲಕನ ಆಯಾಸ. ಶಿರಾಡಿ ಘಾಟಿ ಇಳಿಯುವ ರಾತ್ರಿ ಪಾರ್ಕಿನಲ್ಲಿ ಇಡೀ ದಿನ ಕುಣಿದವರು ಸ್ಟೇರಿಂಗ್ ಹಿಡಿಯುವುದು ಬೇಡವೇ ಬೇಡ. ಹಾಗಾಗಿ ಕಾರಿಗೆ ರೂಮಿನ ಖರ್ಚೂ ಸೇರುತ್ತದೆ.

ಜುಲೈ, ಆಗಸ್ಟ್‌ನಲ್ಲಿ ಪ್ರವಾಸ ಇಡಬೇಡಿ. ಟಿಕೆಟ್ ರಿಯಾಯಿತಿ ಆಗಲೇ ಚೆನ್ನಾಗಿರುತ್ತದೆ, ನಿಜ. ಆದರೆ ಶಿರಾಡಿಯಲ್ಲಿ ಗುಡ್ಡ ಕುಸಿದರೆ ರಸ್ತೆ ಬಂದ್, ಘಾಟಿಯಲ್ಲಿ ಹಳಿ ಕುಸಿದರೆ ರೈಲೂ ಬಂದ್. 2024ರ ಜುಲೈ ಕೊನೆಯಲ್ಲಿ ಎಡಕುಮೇರಿ–ಕಡಗರವಳ್ಳಿ ನಡುವೆ ಕುಸಿತವಾದಾಗ ಈ ಮಾರ್ಗದ ರೈಲುಗಳು ದಿನಗಟ್ಟಲೆ ನಿಂತಿದ್ದವು.

ಬೆಂಗಳೂರು ನಿಲ್ದಾಣದಲ್ಲಿ ಇಳಿದ ಮೇಲೆ ಆಟೋ, ಟ್ಯಾಕ್ಸಿಯವರ ಕಡೆ ನೋಡಬೇಡಿ. ದೊಡ್ಡ ಬ್ಯಾಗ್ ಇದ್ದರೆ ಕ್ಲೋಕ್ ರೂಮಿನಲ್ಲಿಡಿ. ಬೀಗ ಹಾಕಿರದ ಬ್ಯಾಗನ್ನು ಅಲ್ಲಿ ತೆಗೆದುಕೊಳ್ಳುವುದಿಲ್ಲ, ಮನೆಯಿಂದಲೇ ಒಂದು ಸಣ್ಣ ಬೀಗ ತನ್ನಿ. ನೇರಳೆ ಮಾರ್ಗದ ಮೆಟ್ರೋ ಹಿಡಿದು ಕೆಂಗೇರಿಗೆ, ಅಲ್ಲಿಂದ ಬಿಡದಿ ಕಡೆಯ ಸಾಮಾನ್ಯ ಬಸ್. ಅಮ್ಮನಿಗೆ, ಹೆಣ್ಣುಮಕ್ಕಳಿಗೆ ಆ ಬಸ್ಸೂ ಉಚಿತ. ಪಾರ್ಕ್ ಬಿಡದಿಗಿಂತ ಮೊದಲೇ ಸಿಗುತ್ತದೆ, ಕಂಡಕ್ಟರ್‌ಗೆ ವಂಡರ್‌ಲಾ ಗೇಟ್ ಎಂದರೆ ಸಾಕು.

ಟಿಕೆಟ್, ತಿಂಡಿ, ಬಟ್ಟೆ

ಟಿಕೆಟನ್ನು ಪಾರ್ಕಿನ ಸ್ವಂತ ವೆಬ್‌ಸೈಟಿನಲ್ಲೇ ತೆಗೆಯಿರಿ. ವಾರದ ನಡುವಿನ ದಿನಕ್ಕೂ ಭಾನುವಾರಕ್ಕೂ ದರ ಬೇರೆ. ದಿನಾಂಕ ಬದಲಿಸಿ ಬದಲಿಸಿ ನೋಡಿ, ತೆರಿಗೆ ಸೇರಿದ ಕೊನೆಯ ಮೊತ್ತವನ್ನು ಬರೆದಿಟ್ಟುಕೊಳ್ಳಿ. ಕಾಲೇಜು ಐಡಿ ಇರುವವರಿಗೆ, 60 ದಾಟಿದವರಿಗೆ ರಿಯಾಯಿತಿ ಇರುತ್ತದೆ, ಮೂಲ ಗುರುತಿನ ಚೀಟಿ ಮರೆತರೆ ಅದು ಸಿಗುವುದಿಲ್ಲ. ಸಾಲು ತಪ್ಪಿಸುವ ಫಾಸ್ಟ್‌ಟ್ರ್ಯಾಕ್ ಟಿಕೆಟ್ ವಾರದ ನಡುವೆ ಹೋಗುವವರಿಗೆ ದಂಡ. ರಜೆಯ ಭಾನುವಾರವೇ ಹೋಗಬೇಕಾದ ಅನಿವಾರ್ಯತೆ ಇದ್ದರೆ ಮಾತ್ರ ಯೋಚಿಸಿ.

ಹೊರಗಿನ ಆಹಾರವನ್ನು ಒಳಗೆ ಬಿಡುವುದಿಲ್ಲ, ಹಸುಗೂಸಿನ ಆಹಾರ, ಔಷಧಿಗೆ ತೊಂದರೆಯಿಲ್ಲ. ಹಾಗಾಗಿ ಗೇಟಿನೊಳಗೆ ಒಂದೇ ಊಟ ಬೀಳುವ ಹಾಗೆ ದಿನವನ್ನು ಹೊಂದಿಸಿ. ರೈಲಿನ ರಾತ್ರಿ ಊಟಕ್ಕೆ ಮನೆಯ ಬುತ್ತಿ: ಚಪಾತಿ ಇಲ್ಲವೇ ಮೂಡೆ, ಜೊತೆಗೆ ಚಟ್ನಿಪುಡಿ. ಹಸಿ ತೆಂಗಿನಕಾಯಿ ಚಟ್ನಿ ಸೆಕೆಗೆ ಬೇಗ ಹಳಸುತ್ತದೆ, ಪ್ರವಾಸದಲ್ಲಿ ಹೊಟ್ಟೆ ಕೆಡಲು ಅದೊಂದು ಸಾಕು. ಬೆಳಿಗ್ಗೆ ಒಂಬತ್ತೂವರೆಗೆ ಬಿಡದಿಯ ತಟ್ಟೆ ಇಡ್ಲಿ ಹೊಟ್ಟೆ ತುಂಬ ತಿಂದು ನಂತರ ಪಾರ್ಕಿಗೆ ಹಿಂದಿರುಗಿ ಬನ್ನಿ. ಖಾಲಿ ಸ್ಟೀಲ್ ಬಾಟಲಿ ತಂದು ಒಳಗೆ ಫಿಲ್ಟರ್ ನೀರು ತುಂಬಿಸಿಕೊಳ್ಳಿ. ನಾಲ್ವರ ಮನೆಗೆ ಬಾಟಲಿ ನೀರಿನ ಖರ್ಚೇ ಒಂದು ಊಟದಷ್ಟಾಗುತ್ತದೆ.

ನೀರಿಗೆ ಹತ್ತಿ ಬಟ್ಟೆ ನಡೆಯುವುದಿಲ್ಲ. ಹತ್ತಿ ನೀರು ಹೀರಿ ಭಾರವಾಗುತ್ತದೆ, ನೂಲು ಬಿಟ್ಟು ಕೊಳದ ಫಿಲ್ಟರ್‌ಗೆ ಸೇರುತ್ತದೆ. ಸೀರೆ, ದುಪಟ್ಟಾ, ಜೀನ್ಸ್‌ಗೂ ಅವಕಾಶವಿಲ್ಲ. ತಿಳಿಯದೆ ಬಂದವರು ಗೇಟಿನ ಅಂಗಡಿಯಲ್ಲಿ ಹೇಳಿದಷ್ಟು ಕೊಟ್ಟು ಕೊಳ್ಳುತ್ತಾರೆ. ಮಕ್ಕಳ ಶಾಲೆಯ ಸ್ಪೋರ್ಟ್ಸ್ ಡೇ ಜೆರ್ಸಿ ಪಾಲಿಯೆಸ್ಟರ್ ಆಗಿದ್ದರೆ ಅದೇ ಸಾಕು. ಕೊರಳಿನ ಒಳಗಿನ ಚೀಟಿ ಓದಿ ನೋಡಿ. ದೊಡ್ಡವರಿಗೆ ನೈಲಾನ್ ಟೀಶರ್ಟ್, ಉದ್ದ ಟೈಟ್ಸ್ ಊರಲ್ಲೇ ಕೊಂಡಿಡಿ. ಕರಿಮಣಿ ಸರ, ಬಳೆ, ಉಂಗುರ ಮನೆಯಲ್ಲಿಯೇ ಬಿಡುವುದು ಒಳ್ಳೆಯದು; ಜಾರುಬಂಡೆಯ ರಭಸಕ್ಕೆ ಕಳಚಿ ಬಿದ್ದದ್ದನ್ನು ಕೊಳದಲ್ಲಿ ಹುಡುಕುವುದು ಕಷ್ಟ. ಒಂದೇ ಲಾಕರ್ ಸಾಲಬೇಕಾದರೆ ಇಡೀ ಮನೆಗೆ ಒಂದೇ ಬ್ಯಾಗ್ ಇರಲಿ.

ಒಳಗೆ ಹೋದ ಮೇಲೆ

ಬಾಗಿಲು ತೆರೆಯುವ ಅರ್ಧ ಗಂಟೆ ಮೊದಲು ಅಲ್ಲಿರಿ. ಮೊದಲ ಒಂದೂವರೆ ಗಂಟೆ ಒಣ ಆಟಗಳಿಗೆ, ಅದರಲ್ಲೂ ಉದ್ದ ಸಾಲು ಕಟ್ಟುವ ರಿಕಾಯಿಲ್ ರೋಲರ್ ಕೋಸ್ಟರ್‌ನಂಥವಕ್ಕೆ. ತಲೆಕೆಳಗಾಗುವ, ಗಿರಗಿರ ತಿರುಗುವ ಆಟಗಳು ಊಟಕ್ಕೆ ಮೊದಲೇ ಮುಗಿಯಲಿ, ಊಟದ ಮೇಲೆ ಕೂತರೆ ವಾಂತಿ ಗ್ಯಾರಂಟಿ. ನೀರಿನ ಆಟಗಳು ಮಧ್ಯಾಹ್ನದ ಹೊತ್ತಿಗೆ ಶುರುವಾಗಿ ಸಂಜೆ ಬೇಗ ನಿಲ್ಲುತ್ತವೆ. ಒಣ ಆಟವಾದ ಕೂಡಲೇ ಊಟ ಮುಗಿಸಿ, ಎಲ್ಲರೂ ಊಟದ ಸಾಲಿನಲ್ಲಿರುವ ಹೊತ್ತಿಗೆ ನೀರಿಗಿಳಿಯಿರಿ. ಒದ್ದೆ ಬಟ್ಟೆಯಲ್ಲಿ ಒಣ ಆಟಗಳಿಗೆ ಬಿಡುವುದಿಲ್ಲವಾದ್ದರಿಂದ ಬಟ್ಟೆ ಬದಲಿಸುವುದು ಒಂದೇ ಸಲ ಇರಲಿ. ಎರಡು ಸಲ ಬದಲಿಸಿದರೆ ಒಂದು ಗಂಟೆ ಅಲ್ಲಿಗೇ ಹೋಯಿತು. ರೈನ್ ಡಿಸ್ಕೊ, ಅಲೆಕೊಳಗಳಿಗೆ ನಿಗದಿತ ಹೊತ್ತಿದೆ, ಒಳಗೆ ಕಾಲಿಟ್ಟ ಕೂಡಲೇ ಫಲಕ ನೋಡಿ ಫೋಟೊ ತೆಗೆದಿಡಿ. ಬಿಪಿ, ಹೃದಯದ ತೊಂದರೆ, ಬೆನ್ನುನೋವು ಇರುವವರು ಮತ್ತು ಗರ್ಭಿಣಿಯರು ದೊಡ್ಡ ಆಟ ಹತ್ತಲೇಬಾರದು. ಅಂಥವರಿಗೆ ಮೊದಲೇ ಯೋಚಿಸಿ ಟಿಕೆಟ್ ತೆಗೆಯಿರಿ, ಒಳಗೆ ಬಂದು ಬೆಂಚಿನಲ್ಲಿ ಕೂರಲೂ ಪೂರ್ತಿ ದರವೇ.

ಮಕ್ಕಳ ಜೇಬಿನಲ್ಲಿ ನಿಮ್ಮ ಫೋನ್ ನಂಬರ್ ಬರೆದ ಕಾಗದ ಇಟ್ಟರೆ ನೀರಿನಲ್ಲಿ ಕರಗಿಹೋಗುತ್ತದೆ, ಮೊಣಕೈ ಒಳಭಾಗದಲ್ಲಿ ಅಳಿಸದ ಮಾರ್ಕರ್‌ನಿಂದ ಬರೆಯಿರಿ. ಕಳೆದುಹೋದರೆ ಸೇರುವ ಜಾಗ ಯಾವುದೆಂದು ಬೆಳಿಗ್ಗೆಯೇ ತೋರಿಸಿ.

ನಾಲ್ಕೂವರೆಗೆ ನೀರಿನಿಂದ ಎದ್ದು, ಸಿಹಿನೀರಿನ ಶವರ್‌ನಲ್ಲಿ ಕ್ಲೋರಿನ್ ತೊಳೆದು, ಒಣ ಬಟ್ಟೆ ಹಾಕಿ ಎರಡು ಸಣ್ಣ ಆಟ ಆಡಿ. ಐದೂವರೆಗೆ ಗೇಟು ದಾಟಿದರೆ ಕೆಂಗೇರಿ ಬಸ್‌ನಲ್ಲಿ ಕೂರಲು ಜಾಗ ಸಿಗುತ್ತದೆ; ಪಾರ್ಕ್ ಮುಚ್ಚುವ ಹೊತ್ತಿಗೆ ಎಲ್ಲರೂ ಒಟ್ಟಿಗೆ ಬಂದು ನಿಂತರೆ ಮಕ್ಕಳನ್ನು ಎತ್ತಿಕೊಂಡೇ ಹೋಗಬೇಕು. ಒದ್ದೆ ಬಟ್ಟೆಯನ್ನು ಗಟ್ಟಿಯಾಗಿ ಹಿಂಡಿ ಎರಡು ಪ್ಲಾಸ್ಟಿಕ್ ಚೀಲದಲ್ಲಿ ಕಟ್ಟಿ ಬ್ಯಾಗಿನ ಮೇಲ್ಭಾಗದಲ್ಲಿಡಿ. ಮನೆಗೆ ಬಂದ ಬೆಳಿಗ್ಗೆಯೇ ತೊಳೆದು ಹಾಕದಿದ್ದರೆ ನಮ್ಮ ಕರಾವಳಿಯ ಹವೆಗೆ ಸಂಜೆಯೊಳಗೆ ವಾಸನೆ ಹಿಡಿಯುತ್ತದೆ.