ಎಕ್ಸ್-ಮೆನ್ ಕಾಮಿಕ್ಸ್: ಎಲ್ಲಿಂದ ಆರಂಭಿಸಬೇಕು, ಹೇಗೆ ಮುಂದುವರಿಸಬೇಕು

ಅಮೆರಿಕದ ಮಾರ್ವೆಲ್ ಪ್ರಕಾಶನದ ಸೂಪರ್‌ಹೀರೋ ತಂಡವಾದ ಎಕ್ಸ್-ಮೆನ್ ಕಥೆಗಳನ್ನು ಓದಲು ಹೊರಟವರು ಸಾಮಾನ್ಯವಾಗಿ ಸ್ಟ್ಯಾನ್ ಲೀ ಮತ್ತು ಜ್ಯಾಕ್ ಕರ್ಬಿ 1963ರಲ್ಲಿ ಹೊರತಂದ ಮೊದಲ ಸಂಚಿಕೆಯನ್ನೇ ಹುಡುಕುತ್ತಾರೆ. ಅಲ್ಲಿಂದ ಇಂದಿನವರೆಗೆ ಒಂದೂ ಬಿಡದೆ ಓದಬೇಕೆಂದು ಹಟ ಹಿಡಿದರೆ ಓದು ನಡುವೆಯೇ ನಿಂತುಹೋಗುವ ಸಂಭವವೇ ಹೆಚ್ಚು. ಅಷ್ಟಕ್ಕೂ 1970ರಿಂದ 1975ರವರೆಗೆ ಆ ಪತ್ರಿಕೆಯಲ್ಲಿ ಬರುತ್ತಿದ್ದುದು ಹಳೆಯ ಕಥೆಗಳ ಮರುಮುದ್ರಣವೇ ಆಗಿತ್ತು.

ಸಂಚಿಕೆಯ ಸಂಖ್ಯೆಯನ್ನು ನೆಚ್ಚಿಕೊಳ್ಳುವಂತಿಲ್ಲ. ಇದೇ ಹೆಸರಿನ ಸರಣಿ 1991, 2010, 2013, 2019, 2021 ಮತ್ತು 2024ರಲ್ಲಿ ಮತ್ತೆ ಮತ್ತೆ ಒಂದರಿಂದ ಎಣಿಕೆ ಆರಂಭಿಸಿದೆ. ಹೊಸ ಒಂದನೆಯ ಸಂಚಿಕೆ ಚೆನ್ನಾಗಿ ಮಾರಾಟವಾಗುತ್ತದೆ ಎಂಬುದು ಪ್ರಕಾಶಕರಿಗೆ ಗೊತ್ತಿದೆ. ಆದ್ದರಿಂದ ಯಾವ ಸಂಚಿಕೆಯನ್ನು ಹುಡುಕುವಾಗಲೂ ವರ್ಷವನ್ನೂ ಲೇಖಕರ ಹೆಸರನ್ನೂ ಜೊತೆಗಿಟ್ಟುಕೊಳ್ಳಬೇಕು. ಒಬ್ಬ ಲೇಖಕರು ಸರಣಿಯನ್ನು ಕೈಗೆತ್ತಿಕೊಂಡಲ್ಲಿಂದ ಬಿಟ್ಟುಕೊಡುವವರೆಗಿನ ಅವಧಿಯೇ ಓದಿನ ನಿಜವಾದ ಘಟಕ.

ಹೀಗೆ ನೋಡಿದರೆ ಒಳಹೊಗಲು ಮೂರು ಒಳ್ಳೆಯ ಬಾಗಿಲುಗಳಿವೆ. ಲೆನ್ ವೈನ್ ಮತ್ತು ಡೇವ್ ಕಾಕ್ರಮ್ 1975ರಲ್ಲಿ ಹೊರತಂದ 'ಜಯಂಟ್-ಸೈಜ್ ಎಕ್ಸ್-ಮೆನ್' ಮೊದಲನೆಯದು. ಸ್ಟಾರ್ಮ್, ನೈಟ್‌ಕ್ರಾಲರ್, ಕೊಲಾಸಸ್ ಎಂಬ ಪಾತ್ರಗಳು ಹುಟ್ಟಿದ್ದು ಅಲ್ಲಿಯೇ. ಅದರ ಬೆನ್ನಿಗೇ ಆರಂಭವಾದ ಕ್ರಿಸ್ ಕ್ಲೇರ್‌ಮಾಂಟ್ ಅವರ ಬರವಣಿಗೆ 1991ರವರೆಗೂ ನಡೆಯಿತು. ಎರಡನೆಯದು 2019ರಲ್ಲಿ ಜೊನಾಥನ್ ಹಿಕ್‌ಮನ್ ಬರೆದ 'ಹೌಸ್ ಆಫ್ ಎಕ್ಸ್' ಮತ್ತು 'ಪವರ್ಸ್ ಆಫ್ ಎಕ್ಸ್'. ಈಗ ನಡೆಯುತ್ತಿರುವ ಕಥೆಯನ್ನೇ ಹಿಡಿಯಬೇಕೆನ್ನುವವರಿಗೆ 2024ರ ಜುಲೈನಲ್ಲಿ ಜೆಡ್ ಮೆಕೈ ಆರಂಭಿಸಿದ 'ಎಕ್ಸ್-ಮೆನ್' ಸೂಕ್ತ.

ಎರಡನೆಯ ಬಾಗಿಲಿನ ಬಗ್ಗೆ ಸ್ವಲ್ಪ ಹೆಚ್ಚು ಹೇಳಬೇಕು. ಆ ಎರಡು ಕಿರುಸರಣಿಗಳಲ್ಲಿ ಆರಾರರಂತೆ ಒಟ್ಟು 12 ಸಂಚಿಕೆಗಳಿದ್ದು, ಅವು ಒಂದೇ ಕಥೆಯಾಗಿ ಹೆಣೆದುಕೊಂಡಿರುವುದರಿಂದ ಒಂದನ್ನು ಪೂರ್ತಿ ಮುಗಿಸಿ ಇನ್ನೊಂದನ್ನು ಎತ್ತಿಕೊಂಡರೆ ಕಥೆ ಕೆಡುತ್ತದೆ. ಬರಿದೆ ಒಂದು ಬಿಟ್ಟು ಒಂದರಂತೆ ಓದಿದರೂ ಸಾಲದು. ಉದಾಹರಣೆಗೆ 'ಪವರ್ಸ್' ಸರಣಿಯ ಎರಡು ಮತ್ತು ಮೂರನೆಯ ಸಂಚಿಕೆಗಳು ಒಂದರ ಹಿಂದೆ ಒಂದು ಬರುತ್ತವೆ. ಸರಿಯಾದ ಅನುಕ್ರಮವನ್ನು ಸಂಚಿಕೆಗಳ ಕೊನೆಯಲ್ಲಿಯೇ ಮುದ್ರಿಸಿದ್ದಾರೆ. ನಡುನಡುವೆ ಬರುವ, ಚಿತ್ರಗಳಿಲ್ಲದೆ ಪಟ್ಟಿ ಮತ್ತು ನಕ್ಷೆಗಳೇ ತುಂಬಿದ ಪುಟಗಳನ್ನು ಜಾಹೀರಾತೆಂದು ಹಾರಿಸಬಾರದು, ಏಕೆಂದರೆ ಕಥೆಯ ಅರ್ಧ ಗುಟ್ಟು ಇರುವುದೇ ಅವುಗಳಲ್ಲಿ. ಮ್ಯೂಟೆಂಟ್‌ಗಳು, ಅಂದರೆ ಎಕ್ಸ್-ಮೆನ್‌ರಂತೆ ಹುಟ್ಟಿನಿಂದಲೇ ವಿಶೇಷ ಶಕ್ತಿಯುಳ್ಳವರು, ಇಲ್ಲಿ ತಮ್ಮ ರಾಷ್ಟ್ರವನ್ನಾಗಿ ಮಾಡಿಕೊಳ್ಳುವ ಕ್ರಕೋವಾ ಎಂಬ ಜೀವಂತ ದ್ವೀಪ 1975ರ ಆ ಸಂಚಿಕೆಯಲ್ಲಿ ಅವರ ಶತ್ರುವಾಗಿತ್ತು. ಪೂರ್ವಸಿದ್ಧತೆ ಬೇಕೆನ್ನುವವರಿಗೆ ಅದೊಂದನ್ನು ಓದಿಕೊಂಡರೆ ಬೇಕಾದಷ್ಟಾಯಿತು.

ಇನ್ನು ಮುಂದುವರಿಸುವ ಬಗೆ. ಅಮೆರಿಕದಲ್ಲಿ ಹೊಸ ಸಂಚಿಕೆಗಳು ಬುಧವಾರ ಬರುತ್ತವೆ, ಆದರೆ ಕರ್ನಾಟಕದಲ್ಲಿ ಕುಳಿತು ಬಿಡಿ ಸಂಚಿಕೆಗಳನ್ನು ತಪ್ಪದೆ ಕೊಳ್ಳುವುದು ದುಬಾರಿಯೂ ಹೌದು, ಕಷ್ಟವೂ ಹೌದು. ಮಾರ್ವೆಲ್ ಅನ್‌ಲಿಮಿಟೆಡ್ ಆ್ಯಪ್‌ನಲ್ಲಿ ಅವು ಸುಮಾರು ಮೂರು ತಿಂಗಳು ತಡವಾಗಿ ಸೇರುತ್ತವೆ. ಗುಟ್ಟು ರಟ್ಟಾಗುವ ಭಯವಿಲ್ಲದವರಿಗೆ ನನ್ನ ಮಟ್ಟಿಗೆ ಅದೇ ಉತ್ತಮ ದಾರಿ. ಪುಸ್ತಕವನ್ನು ಕೈಯಲ್ಲಿ ಹಿಡಿದೇ ಓದಬೇಕೆನ್ನುವವರು ಐದಾರು ಸಂಚಿಕೆಗಳನ್ನು ಒಟ್ಟುಗೂಡಿಸಿದ ಪೇಪರ್‌ಬ್ಯಾಕ್ ಸಂಪುಟಗಳಿಗೆ ಕಾಯಬಹುದು.

ತಂಡ ದೊಡ್ಡದಾದಷ್ಟೂ ಅದರ ಪತ್ರಿಕೆಗಳೂ ಹೆಚ್ಚುತ್ತವೆ. 2024ರಲ್ಲಿ ಮೆಕೈ ಅವರ ಸರಣಿಯ ಬೆನ್ನಿಗೇ ಗೇಲ್ ಸಿಮೋನ್ ಅವರ 'ಅನ್‌ಕ್ಯಾನಿ ಎಕ್ಸ್-ಮೆನ್' ಮತ್ತು ಈವ್ ಯೂಯಿಂಗ್ ಅವರ 'ಎಕ್ಸೆಪ್ಷನಲ್ ಎಕ್ಸ್-ಮೆನ್' ಬಂದವು. ಒಂದನ್ನು ಮುಖ್ಯವಾಗಿಟ್ಟುಕೊಂಡು, ಇನ್ನೊಂದು ಸರಣಿಯ ಕಥೆ ಅದರೊಳಗೆ ಬಂದು ಸೇರಿದಾಗ ಮಾತ್ರ ಆ ಕೆಲವು ಸಂಚಿಕೆಗಳನ್ನು ತೆಗೆದು ಓದಿದರೆ ಸಾಕು. ಕೆಲವೊಮ್ಮೆ ಸರಣಿಯ ಹೆಸರೇ ಮಾಯವಾಗಬಹುದು: 1995ರ 'ಏಜ್ ಆಫ್ ಅಪೊಕ್ಯಾಲಿಪ್ಸ್' ಕಥೆಗಾಗಿ ಪತ್ರಿಕೆಗಳೆಲ್ಲ ನಾಲ್ಕು ತಿಂಗಳು ಬೇರೆ ಹೆಸರಿನಲ್ಲಿ ಹೊರಬಂದು, 'ಅನ್‌ಕ್ಯಾನಿ' ಇದ್ದದ್ದು 'ಅಸ್ಟಾನಿಷಿಂಗ್' ಆಗಿ, ಬಳಿಕ ಹಳೆಯ ಹೆಸರಿಗೇ ಮರಳಿದವು. ಅಂಥ ಸಮಯದಲ್ಲಿ ಸರಣಿ ನಿಂತಿತೆಂದು ಭಾವಿಸದೆ, ಬದಲಿಯಾಗಿ ಬಂದ ಹೆಸರು ಯಾವುದೆಂದು ನೋಡಿಕೊಂಡು ಅದನ್ನೇ ಓದಬೇಕು.