ಚಿಟ್ಟೆಗೆ ಹೂವು ಮಾತ್ರ ಸಾಲದು

ಮಣಿಪಾಲದ ಇಳಿಜಾರಿನಲ್ಲಿರುವ ನಮ್ಮ ಹಿತ್ತಿಲಿನಲ್ಲಿ ಒಂದಡಿ ಅಗೆದರೆ ಮುರಕಲ್ಲು (ಜಂಬಿಟ್ಟಿಗೆ) ಸಿಗುತ್ತದೆ. ಇಲ್ಲಿ ನರ್ಸರಿಯ ಗುಲಾಬಿ ಸಾಕುವುದು ತ್ರಾಸ. ಕೆಂಪು ಗೊಂಚಲು ಹೂವಿನ ಕೇಪಳಕ್ಕೋ (ಇಕ್ಸೋರಾ) ಇದೇ ತವರು. ಹುಳಿಮಣ್ಣು ಅದಕ್ಕೆ ಒಗ್ಗುವುದರಿಂದ ಬುಡಕ್ಕೆ ಸುಣ್ಣ, ಬೂದಿ ಸೋಕಿಸುವುದಿಲ್ಲ. ಮೊದಲ ಮಳೆಗೆ ನೆಟ್ಟು, ಆಟಿ ತಿಂಗಳ ಜಡಿಮಳೆಯಲ್ಲಿ ನೀರು ನಿಲ್ಲದಂತೆ ಬುಡಕ್ಕೆ ಮಣ್ಣು ಏರಿಸುತ್ತೇನೆ. ಬೇಸಿಗೆಗೆ ತರಗೆಲೆಯ ಹೊದಿಕೆ. ಅಷ್ಟೇ ಆರೈಕೆ. ಹೂಗೊಂಚಲು ಬರುವುದು ಚಿಗುರಿನ ತುದಿಯಲ್ಲಾದ್ದರಿಂದ ಬೇಲಿಯ ಹಾಗೆ ಸಮನಾಗಿ ಕತ್ತರಿಸುತ್ತಿದ್ದರೆ ಹೂವೂ ಇಲ್ಲ, ಚಿಟ್ಟೆಯೂ ಇಲ್ಲ.

ಆದರೆ ಕೇಪಳಕ್ಕೆ ಬರುವ ಚಿಟ್ಟೆ ಮಕರಂದ ಹೀರಿ ಹೊರಟುಹೋಗುತ್ತದೆ. ಅದು ಹಿತ್ತಿಲಲ್ಲೇ ಸಂಸಾರ ಹೂಡಬೇಕಾದರೆ ಮರಿಹುಳುವಿಗೆ ತಿನ್ನಲು ಎಲೆ ಬೇಕು, ಅದೂ ಆ ಜಾತಿಯ ಚಿಟ್ಟೆಗೆ ಒಗ್ಗುವ ಗಿಡದ್ದೇ ಎಲೆ. ನನ್ನ ಮಟ್ಟಿಗೆ ಇದರಲ್ಲಿ ಮೊದಲ ಸ್ಥಾನ ಈಶ್ವರಬಳ್ಳಿಗೆ. ಕ್ರಿಮ್ಸನ್ ರೋಸ್, ಕಾಮನ್ ರೋಸ್ ಚಿಟ್ಟೆಗಳೂ ನಮ್ಮ ರಾಜ್ಯ ಚಿಟ್ಟೆಯಾದ ಸದರ್ನ್ ಬರ್ಡ್‌ವಿಂಗ್ ಕೂಡ ಮೊಟ್ಟೆಯಿಡುವುದು ಇದರ ಮೇಲೆ. ಬಳ್ಳಿಯ ವಿಷವನ್ನೇ ಮೈಯಲ್ಲಿ ತುಂಬಿಕೊಳ್ಳುವುದರಿಂದ ಈ ಹುಳುಗಳ ತಂಟೆಗೆ ಹಕ್ಕಿಗಳು ಬರುವುದು ಕಡಿಮೆ. ಕಪ್ಪು ಮೈ, ಕೆಂಪು ಕೊಂಬುಗಳು, ನಡುವೆ ಬಿಳಿಯ ಪಟ್ಟಿ. ಮುಟ್ಟಿದರೆ ತಲೆಯ ಹಿಂದಿನಿಂದ ಕಿತ್ತಳೆ ಬಣ್ಣದ, ಕವಲೊಡೆದ ಕೊಂಬಿನಂಥ ಅಂಗ ಛಕ್ಕನೆ ಹೊರಬರುತ್ತದೆ, ಜೊತೆಗೆ ಘಾಟು ವಾಸನೆ.

ಅವುಗಳ ಹಸಿವು ಮಾತ್ರ ಭಯಂಕರ. ಎಲೆ ಮುಗಿದರೆ ಕಾಂಡಕ್ಕೂ ಬಾಯಿ ಹಾಕುತ್ತವೆ. ಆದ್ದರಿಂದ ಒಂದೇ ಬಳ್ಳಿ ನೆಟ್ಟು ಕೂರಬಾರದು. ನಾನು ಬೇಲಿಯುದ್ದಕ್ಕೂ ಅಲ್ಲಲ್ಲಿ ಹಬ್ಬಿಸಿದ್ದೇನೆ. ಬೋಳಾದ ಬಳ್ಳಿಯನ್ನು ಕಿತ್ತೆಸೆಯಬೇಡಿ, ಬೇರು ಗಟ್ಟಿಯಿದ್ದರೆ ಮತ್ತೆ ಚಿಗುರುತ್ತದೆ. ಬೇವಿನ ಎಣ್ಣೆ ಸಾವಯವ ತಾನೇ ಎಂದು ಸಿಂಪಡಿಸುವವರಿದ್ದಾರೆ. ಮರಿಹುಳುವಿಗೆ ಅದೂ ವಿಷವೇ. ಮಾವಿನ ಮರದಿಂದ ಇಳಿದು ಬಂದು ಮರಿಹುಳು ಹಿಡಿಯುವ ಚಗಳಿ ಇರುವೆಗಳನ್ನು ತಡೆಯಲು ಬಳ್ಳಿಗೆ ತಾಗುವ ಕೊಂಬೆಗಳನ್ನು ಸವರಿಬಿಡುತ್ತೇನೆ.

ಕರಿಬೇವಿನ ವಿಷಯದಲ್ಲಿ ಮನೆಯಲ್ಲಿ ಒಪ್ಪಂದವಾಗಿದೆ: ಬಾವಿಕಟ್ಟೆಯ ಗಿಡ ಸಾರಿಗೆ, ಮೂಲೆಯದು ಕಾಮನ್ ಮಾರ್ಮನ್ ಚಿಟ್ಟೆಗೆ. ಅದರ ಎಳೆಯ ಹುಳು ಥೇಟ್ ಹಕ್ಕಿಯ ಹಿಕ್ಕೆ. ತಿಳಿಯದವರು ನೀರು ಹಾಕಿ ತೊಳೆದುಬಿಡುತ್ತಾರೆ. ಈ ಮಾರ್ಮನ್ ಹೆಣ್ಣುಗಳಲ್ಲಿ ಕೆಲವು ವಿಷದ ರೋಸ್ ಚಿಟ್ಟೆಗಳ ವೇಷ ಹಾಕುತ್ತವೆ. ರೆಕ್ಕೆ ನೋಡಿದರೆ ನಾನೂ ಏಮಾರುತ್ತೇನೆ, ಹಾಗಾಗಿ ಮೈ ನೋಡಬೇಕು: ರೋಸ್ ಚಿಟ್ಟೆಯ ಮೈ ಕೆಂಪು, ಮಾರ್ಮನ್‌ನದು ಕಪ್ಪು.