ಬಿಡಿಭಾಗ ಕೊಳ್ಳುವ ಮೊದಲು ಗಾಡಿ ಕೆಳಗೊಮ್ಮೆ ನುಸುಳಿ

ರಾತ್ರಿ ಗಾಡಿ ಕೆಳಗೆ ಒಂದು ಅಗಲವಾದ ರಟ್ಟು ಹಾಸಿ. ಫ್ರಿಜ್ ಬಂದ ಪೆಟ್ಟಿಗೆ ಬಿಚ್ಚಿದ್ದಾದರೂ ಸಾಕು. ಬೆಳಗ್ಗೆ ಚಹಾ ಕುಡಿಯುತ್ತಾ ಅದನ್ನು ಎಳೆದು ನೋಡಿ. ಹಳೇ ಗಾಡಿಯ ಅರ್ಧ ಕಾಯಿಲೆ ಅದರ ಮೇಲೇ ಕಾಣುತ್ತದೆ.

ನನ್ನದು 2001ರ ಮಾರುತಿ ಜಿಪ್ಸಿ ಕಿಂಗ್. 1.3 ಲೀಟರ್ ಪೆಟ್ರೋಲ್ ಎಂಜಿನ್, ಮುಂದೆ ಹಿಂದೆ ಎರಡೂ ಕಡೆ ಕಮಾನು ಪಟ್ಟಿ (ಎಲೆ ಸ್ಪ್ರಿಂಗ್), ಮೀಟರಿನಲ್ಲಿ 2,40,000 ಕಿಲೋಮೀಟರ್. ಪುಣೆಯ ಕೋಥ್ರೂಡಿನಲ್ಲಿ ನಮ್ಮ ಸೊಸೈಟಿ ಪಾರ್ಕಿಂಗಿನ ಮೂಲೆಯಲ್ಲಿ ನಿಲ್ಲುತ್ತದೆ. ಮಳೆಗಾಲದಲ್ಲಿ ಮುಳಶಿ, ತಾಮ್ಹಿಣಿ ಕಡೆ ಕೆಸರು ತುಳಿಯುತ್ತದೆ, ದೀಪಾವಳಿಗೆ ಧಾರವಾಡಕ್ಕೆ ಹೋಗಿ ಬರುತ್ತದೆ. ಜಿಪ್ಸಿ ನಮ್ಮಲ್ಲಿ ಶುರುವಾದದ್ದು 1985ರಲ್ಲಿ. ಈಗ ಶೋರೂಮಿನಲ್ಲಿ ಹೊಸದು ಸಿಗುವುದಿಲ್ಲ, ಹಾಗಾಗಿ ಇರುವುದನ್ನೇ ಕಾಪಾಡಿಕೊಳ್ಳಬೇಕು. ಹಳೇ ಥಾರ್, ಬೊಲೆರೊ, ಮೇಜರ್ ಇಟ್ಟುಕೊಂಡವರಿಗೂ ಇಲ್ಲಿನ ಬಹುಪಾಲು ಮಾತು ಹೊಂದುತ್ತದೆ.

ರಟ್ಟು ಓದುವುದು

ಕಪ್ಪು ಕಲೆ ಎಂಜಿನ್ ಆಯಿಲ್. ಹಸಿರೋ ಕೆಂಪೋ ಬಣ್ಣದ ನೀರಿನಂಥದ್ದು ಕೂಲಂಟ್. ಜೇನಿನ ಬಣ್ಣ, ಮುಟ್ಟಿದರೆ ದಪ್ಪ, ಮೂಸಿದರೆ ಗಂಧಕದ ನಾತ, ಅಂದರೆ ಗೇರ್ ಆಯಿಲ್. ತೆಳ್ಳಗೆ ಜಾರುವಂಥದ್ದು ಚಕ್ರದ ಒಳಬದಿಗೆ ಬಿದ್ದಿದ್ದರೆ ಬ್ರೇಕ್ ಆಯಿಲ್ ಇರಬಹುದು. ಇದೊಂದು ಕಂಡ ದಿನ ಗಾಡಿ ಹೊರಗೆ ತೆಗೆಯಲೇಬೇಡಿ.

ಹನಿ ಬೀಳುವ ಜಾಗ ಬೇರೆ, ಸೋರುವ ಜಾಗ ಬೇರೆ. ಇಲ್ಲೇ ಜನ ದುಡ್ಡು ಕಳೆದುಕೊಳ್ಳುವುದು. ನನ್ನ ಗಾಡಿಯಲ್ಲಿ ಎಂಜಿನ್ನೂ ಗೇರ್‌ಬಾಕ್ಸೂ ಕೂಡುವ ಕಡೆ ಎಣ್ಣೆ ತೊಟ್ಟಿಕ್ಕುತ್ತಿತ್ತು. ಒಬ್ಬ ಮೆಕ್ಯಾನಿಕ್ ಬಗ್ಗಿ ನೋಡಿ, ‘ಹಿಂದಿನ ಸೀಲ್ ಹೋಗಿದೆ, ಗೇರ್‌ಬಾಕ್ಸ್ ಇಳಿಸಬೇಕು’ ಎಂದ. ನಾನು ಮನೆಗೆ ತಂದು ಎಂಜಿನ್ ತೊಳೆದೆ, ಒಣಗಿಸಿದೆ, ಇಪ್ಪತ್ತು ನಿಮಿಷ ಓಡಿಸಿದೆ. ಆಮೇಲೆ ಟಾರ್ಚ್ ಹಿಡಿದು ಎಲ್ಲಕ್ಕಿಂತ ಮೇಲಿನ ಒದ್ದೆ ಜಾಗ ಹುಡುಕಿದೆ. ಎಣ್ಣೆ ಬರುತ್ತಿದ್ದದ್ದು ವಾಲ್ವ್ ಕವರಿನ, ಅಂದರೆ ಎಂಜಿನ್ ನೆತ್ತಿಯ ಮುಚ್ಚಳದ, ಹಿಂಬದಿಯಿಂದ. ಅಲ್ಲಿಂದ ಎಂಜಿನ್ ಬೆನ್ನಿನ ಮೇಲೆ ಇಳಿದು ಕೆಳಗೆ ಹನಿಯುತ್ತಿತ್ತು. ಪುಣೆಯಲ್ಲಿ ಬಿಡಿಭಾಗ ಸಿಗುವ ನಾನಾ ಪೇಟೆಯಿಂದ ಒಂದು ರಬ್ಬರ್ ಗ್ಯಾಸ್ಕೆಟ್ ತಂದು, ಒಂದು ಗಂಟೆ ಕೂತೆ, ಮುಗಿಯಿತು.

ಕೆಳಗೆ ನುಸುಳುವ ಮೊದಲು

ಬರೀ ಜಾಕ್ ಮೇಲೆ ನಿಂತ ಗಾಡಿ ಕೆಳಗೆ ತಲೆ ಹಾಕಬೇಡಿ. ಎರಡು ಜಾಕ್ ಸ್ಟ್ಯಾಂಡ್ ಕೊಳ್ಳಿ. ಇಟ್ಟಿಗೆ, ಹಾಲೋಬ್ಲಾಕ್ ನಡೆಯುವುದಿಲ್ಲ, ಅವು ಹೇಳದೆ ಒಡೆಯುತ್ತವೆ. ನೆಲದ ಮೇಲಿರುವ ಚಕ್ರಗಳಿಗೆ ಎರಡೂ ಕಡೆ ಮರದ ತುಂಡು ಕೊಡಿ. ಹಿಂದಿನ ಚಕ್ರ ಎತ್ತಿದ ಮೇಲೆ ಹ್ಯಾಂಡ್‌ಬ್ರೇಕ್ ನಂಬುವ ಹಾಗಿಲ್ಲ.

ಸ್ಟೇರಿಂಗ್ ಅದುರಿದರೆ

ಎಲೆ ಸ್ಪ್ರಿಂಗಿನ ಹಳೇ ಗಾಡಿಗಳ ದೊಡ್ಡ ಕಾಟ ಇದು. ನನಗೆ ಕರಾಡ್ ಹತ್ತಿರ ಆಯಿತು. ವೇಗ ಎಪ್ಪತ್ತು. ಸೇತುವೆಯ ಜೋಡಣೆ ಮೇಲೆ ಮುಂದಿನ ಚಕ್ರ ಹಾರಿದ್ದೇ ತಡ, ಸ್ಟೇರಿಂಗ್ ಎಡಕ್ಕೆ ಬಲಕ್ಕೆ ಒದೆಯತೊಡಗಿತು. ಬ್ರೇಕ್ ಒತ್ತಿ ಮೂವತ್ತಕ್ಕೆ ಇಳಿದ ಮೇಲೇ ನಿಂತದ್ದು. ಹಿಂದಿನ ಸೀಟಿನಲ್ಲಿದ್ದ ಅವ್ವ ನಿಪ್ಪಾಣಿ ದಾಟುವವರೆಗೂ ಮಾತಾಡಲಿಲ್ಲ.

ಒಂದು ಗ್ಯಾರೇಜಿನಲ್ಲಿ ಚಕ್ರ ಬ್ಯಾಲೆನ್ಸ್ ಮಾಡಿದರು. ಹೋಗಲಿಲ್ಲ. ಅಲೈನ್‌ಮೆಂಟ್ ಮಾಡಿದರು. ಹೋಗಲಿಲ್ಲ. ಅದುರು ತಡೆಯುವ ಹೊಸ ಸ್ಟೇರಿಂಗ್ ಡ್ಯಾಂಪರ್ ಹಾಕಿದರು. ಎರಡು ತಿಂಗಳು ಸುಮ್ಮನಿದ್ದು ಮತ್ತೆ ಶುರು. ಡ್ಯಾಂಪರ್ ರೋಗ ಮುಚ್ಚುತ್ತದೆಯೇ ಹೊರತು ವಾಸಿ ಮಾಡುವುದಿಲ್ಲ ಎಂದು ಆಗ ಗೊತ್ತಿರಲಿಲ್ಲ. ಕೊನೆಗೆ ಮನೆಯಲ್ಲೇ, ಮಗಳನ್ನು ಸೀಟಿನಲ್ಲಿ ಕೂರಿಸಿಕೊಂಡು ಕಂಡುಹಿಡಿದ ಬಗೆ ಹೀಗಿದೆ.

ಮುಂದಿನ ಒಂದು ಚಕ್ರ ಎತ್ತಿ ಸ್ಟ್ಯಾಂಡ್ ಮೇಲಿಡಿ. ಟೈರಿನ ನೆತ್ತಿಗೆ ಒಂದು ಕೈ, ಬುಡಕ್ಕೆ ಒಂದು ಕೈ. ಮೇಲಿನದನ್ನು ಎಳೆಯಿರಿ, ಕೆಳಗಿನದನ್ನು ನೂಕಿ. ಆಮೇಲೆ ಅದಲು ಬದಲು. ಆಡಿದರೆ, ಅಂದರೆ ಕೈಗೆ ‘ಕಟ್’ ಎಂದು ತಾಗಿದರೆ, ಸೀಟಿನಲ್ಲಿರುವವರಿಗೆ ಬ್ರೇಕ್ ಗಟ್ಟಿಯಾಗಿ ಒತ್ತಿ ಹಿಡಿಯಲು ಹೇಳಿ. ಈಗ ಮತ್ತೆ ಅಲ್ಲಾಡಿಸಿ. ಆಟ ಮಾಯವಾದರೆ ತಪ್ಪು ಚಕ್ರದ ಬೇರಿಂಗಿನದು, ಯಾಕೆಂದರೆ ಬ್ರೇಕ್ ಡಿಸ್ಕನ್ನೂ ಹಬ್ಬನ್ನೂ ಕಚ್ಚಿ ಹಿಡಿದಿರುತ್ತದೆ. ಆಟ ಹಾಗೇ ಉಳಿದರೆ ಕಿಂಗ್‌ಪಿನ್, ಅಂದರೆ ಚಕ್ರ ಎಡ ಬಲಕ್ಕೆ ತಿರುಗಲು ಆಧಾರವಾದ ಗೂಟದ, ಬೇರಿಂಗ್ ಸವೆದಿದೆ. ಕೈಗಳನ್ನು ಎಡ ಬಲಕ್ಕೆ ಇಟ್ಟು ಅಲ್ಲಾಡಿಸಿದಾಗ ಮಾತ್ರ ಆಟ ಸಿಕ್ಕರೆ ಎರಡು ಚಕ್ರಗಳನ್ನು ಸ್ಟೇರಿಂಗಿಗೆ ಜೋಡಿಸುವ ಟೈ ರಾಡ್‌ನ ತುದಿಗಳನ್ನು ನೋಡಿ.

ನನ್ನದು ಕಿಂಗ್‌ಪಿನ್. ಜಿಪ್ಸಿಯಲ್ಲಿ ಪ್ರತಿ ಬದಿಗೆ ಮೇಲೊಂದು ಕೆಳಗೊಂದು, ಒಟ್ಟು ನಾಲ್ಕು. ಬಿಚ್ಚಿದಾಗ ಎಡಬದಿಯ ಕೆಳಗಿನ ಬೇರಿಂಗ್ ಕೈಗೆ ಬಂದದ್ದು ಕಂದು ಪುಡಿಯಾಗಿ. ನೀರು ಇಳಿದು ಅಲ್ಲೇ ನಿಂತಿತ್ತು. ಪಿನ್ನಿನ ಕೆಳಗಿರುವ ತೆಳು ಶಿಮ್‌ಗಳು ಬೇರಿಂಗ್ ಎಷ್ಟು ಬಿಗಿ ಕೂರಬೇಕೆಂದು ನಿರ್ಧರಿಸುತ್ತವೆ. ಯಾವುದು ಎಲ್ಲಿತ್ತು ಎಂದು ಬಿಚ್ಚುವಾಗಲೇ ಕವರಿಗೆ ಹಾಕಿ ಬರೆದಿಡಿ. ಇಲ್ಲವಾದರೆ ಒಂದಿಡೀ ಭಾನುವಾರ ಹೋಗುತ್ತದೆ, ನನ್ನದು ಹೋಗಿದೆ.

ಅದೇ ಹೊತ್ತಿಗೆ ಆಕ್ಸಲ್‌ನ ಒಳಗಿನ ಸೀಲನ್ನೂ ಬದಲಿಸಿ. ಆ ಸೀಲ್ ಹೋದರೆ ಗೇರ್ ಆಯಿಲ್ ಒಳಗಿನಿಂದ ಬಂದು ಗ್ರೀಸ್ ಕರಗಿಸಿ, ಚಕ್ರದ ಹಿಂದೆ ಕರಿ ರಾಡಿಯಾಗಿ ಸುರಿಯುತ್ತದೆ. ಜಿಪ್ಸಿ ಇಟ್ಟವರೆಲ್ಲ ನೋಡಿರುವ ದೃಶ್ಯ, ಅಲ್ವಾ?

ಸದ್ದುಗಳು

ಮುಂದೆ ಹೊರಟಾಗ ಒಮ್ಮೆ, ರಿವರ್ಸ್ ಹಾಕಿದಾಗ ಒಮ್ಮೆ ‘ಟಕ್’ ಎಂದರೆ ಗೇರಿನ ಶಕ್ತಿಯನ್ನು ಆಕ್ಸಲ್‌ಗೆ ಒಯ್ಯುವ ಪ್ರೊಪೆಲರ್ ಶಾಫ್ಟಿನ ತುದಿಯ ಕೀಲು, ಅಂದರೆ ಕ್ರಾಸ್, ನೋಡಿ. ಚಕ್ರಗಳಿಗೆ ಮರದ ತುಂಡು ಕೊಟ್ಟು, ಶಾಫ್ಟ್ ಹಿಡಿದು ತಿರುಚಿ. ಕ್ರಾಸಿನಲ್ಲಿ ಕೂದಲೆಳೆ ಆಟ ಕಂಡರೂ ‘ಕ್ರಾಸ್ ಗೇಲಾ’ (ಕ್ರಾಸ್ ಹೋಯಿತು) ಎನ್ನುತ್ತಾರೆ ಇಲ್ಲಿನವರು, ಸರಿಯಾಗೇ ಹೇಳುತ್ತಾರೆ. ಗ್ರೀಸ್ ನಿಪ್ಪಲ್ ಇದ್ದರೆ ಹಳೇ ಗ್ರೀಸ್ ಹೊರಬಂದು ಹೊಸದು ಕಾಣುವವರೆಗೂ ಪಂಪ್ ಮಾಡಿ. ಫೋರ್ ವೀಲ್ ಹಾಕಿ ಸ್ಟೇರಿಂಗ್ ಪೂರ್ತಿ ತಿರುಗಿಸಿದಾಗ ಕಟಕಟ ಎಂದರೆ ಮುಂದಿನ ಸಿವಿ ಜಾಯಿಂಟ್, ಅಂದರೆ ತಿರುಗಿದ ಚಕ್ರಕ್ಕೂ ಶಕ್ತಿ ಮುಟ್ಟಿಸುವ ಕೀಲು, ಸವೆದಿದೆ. ತಿಂಗಳಿಗೊಮ್ಮೆ ಮಣ್ಣಿನ ದಾರಿಯಲ್ಲಿ ಫೋರ್ ವೀಲ್ ಹಾಕಿ ಒಂದೆರಡು ಕಿಲೋಮೀಟರ್ ಓಡಿಸಿ, ಎಲ್ಲ ಕಡೆ ಎಣ್ಣೆ ಓಡಾಡುತ್ತದೆ. ಡಾಂಬರಿನ ಮೇಲೆ ಮಾತ್ರ ಬೇಡ. ಮುಂದಿನ ಹಿಂದಿನ ಆಕ್ಸಲ್ ನಡುವೆ ಡಿಫರೆನ್ಷಿಯಲ್ (ಎರಡು ಕಡೆಗೆ ಬೇರೆ ಬೇರೆ ವೇಗದಲ್ಲಿ ತಿರುಗಲು ಬಿಡುವ ಗೇರ್ ಜೋಡಣೆ) ಇಲ್ಲದ ಗಾಡಿಯಲ್ಲಿ ತಿರುವಿನಲ್ಲಿ ಗೇರಿನ ಹಲ್ಲುಗಳ ಮೇಲೆ ಹೊರೆ ಬೀಳುತ್ತದೆ.

ಹಳ್ಳ ದಾಟಿ ಬಂದ ಮೇಲೆ

ಘಾಟ್ ಹತ್ತಿ ಬಂದ ಆಕ್ಸಲ್ ಬಿಸಿಯಾಗಿರುತ್ತದೆ. ಅದು ತಣ್ಣನೆ ಹಳ್ಳಕ್ಕೆ ಇಳಿದರೆ ಒಳಗಿನ ಗಾಳಿ ಕುಗ್ಗುತ್ತದೆ. ಮೇಲಿನ ಬ್ರೀದರ್, ಅಂದರೆ ಗಾಳಿ ಓಡಾಡುವ ಕಿಂಡಿ, ಕೆಸರಿನಿಂದ ಮುಚ್ಚಿದ್ದರೆ ಸೀಲಿನ ಸಂದಿಯಿಂದ ನೀರನ್ನೇ ಎಳೆದುಕೊಳ್ಳುತ್ತದೆ. ಆದ್ದರಿಂದ ಮಳೆಗಾಲಕ್ಕೆ ಮುಂಚೆ ಬ್ರೀದರ್ ಬಿಚ್ಚಿ ತೊಳೆಯಿರಿ. ಪೈಪ್ ಹಾಕಿ ಎಂಜಿನ್ ಕೋಣೆಯವರೆಗೆ ಎತ್ತಿದರೆ ಇನ್ನೂ ಒಳ್ಳೆಯದು.

ಡಿಫರೆನ್ಷಿಯಲ್ ಎಣ್ಣೆ ನೋಡುವಾಗ ಒಂದು ನೆನಪಿಡಿ. ಮೊದಲು ಮೇಲಿನ ತುಂಬುವ ಪ್ಲಗ್ ಬಿಚ್ಚಿ, ಆಮೇಲೆ ಕೆಳಗಿನದು. ಎಣ್ಣೆಯೆಲ್ಲ ಸುರಿದ ಮೇಲೆ ಮೇಲಿನ ಪ್ಲಗ್ ತುಕ್ಕು ಹಿಡಿದು ಜಗ್ಗದಿದ್ದರೆ ಗಾಡಿ ಅಲ್ಲೇ ಕೂತಿತು. ಎಣ್ಣೆ ಹಾಲು ಹಾಕಿದ ಚಹಾದ ಬಣ್ಣಕ್ಕೆ ಬಂದಿದ್ದರೆ ನೀರು ಸೇರಿದೆ, ಬದಲಿಸಿ. ಹೊಸದನ್ನು ತುಂಬುವ ತೂತಿನ ಅಂಚಿಗೆ ಬರುವವರೆಗೆ ಹಾಕಿ. ಡಿಫರೆನ್ಷಿಯಲ್‌ಗೆ ಜಿಎಲ್-5 ದರ್ಜೆಯ ಗೇರ್ ಆಯಿಲ್, ಹಳೇ ಗೇರ್‌ಬಾಕ್ಸಿಗೆ ಸಾಮಾನ್ಯವಾಗಿ ಜಿಎಲ್-4. ಗೇರ್ ಸಲೀಸಾಗಿ ಬೀಳಲು ನೆರವಾಗುವ ಹಿತ್ತಾಳೆಯ ಸಿಂಕ್ರೊ ರಿಂಗುಗಳಿಗೆ ಕೆಲವು ಜಿಎಲ್-5 ಎಣ್ಣೆಗಳು ಆಗಿಬರುವುದಿಲ್ಲ. ನಿಮ್ಮ ಗಾಡಿಯ ಪುಸ್ತಕ ಹೇಳಿದ್ದೇ ಅಂತಿಮ.

ಎಂಜಿನ್ ಆಯಿಲ್ ಮುಚ್ಚಳದ ಒಳಗೆ ಬೆಣ್ಣೆಯಂಥದ್ದು ಕಂಡ ತಕ್ಷಣ ಹೆಡ್ ಗ್ಯಾಸ್ಕೆಟ್ ಹೋಯಿತೆಂದು ಎದೆ ಒಡೆದುಕೊಳ್ಳಬೇಡಿ. ಪುಣೆ ಮಳೆಯಲ್ಲಿ ದಿನಾ ಎರಡು ಕಿಲೋಮೀಟರ್ ಓಡಿಸಿದರೆ ತೇವದಿಂದಲೂ ಹಾಗಾಗುತ್ತದೆ. ಒಮ್ಮೆ ಸಿಂಹಗಡದವರೆಗೆ ಹೋಗಿ ಬನ್ನಿ, ಎಂಜಿನ್ ಬಿಸಿಗೆ ತೇವ ಆರುತ್ತದೆ. ಡಿಪ್‌ಸ್ಟಿಕ್ಕಿನಲ್ಲೂ ಅದೇ ಬಣ್ಣ, ಕೂಲಂಟ್ ಕಾರಣವಿಲ್ಲದೆ ಕಡಿಮೆ, ರೇಡಿಯೇಟರಿನಲ್ಲಿ ಗುಳ್ಳೆ ಇದ್ದರೆ ಮಾತ್ರ ಹೆದರಿ.

ಘಾಟಿನಲ್ಲಿ ಬಿಸಿಯಾದರೆ ಮೊದಲು ರೇಡಿಯೇಟರಿನ ಎದುರು ಬದಿ ನೋಡಿ. ಕೆಸರು, ಹುಲ್ಲುಬೀಜ, ಸತ್ತ ಹುಳ ತುಂಬಿರುತ್ತವೆ. ತಣ್ಣಗಾದ ಮೇಲೆ ಎಂಜಿನ್ ಕಡೆಯಿಂದ ಹೊರಕ್ಕೆ ಮೆಲ್ಲಗೆ ನೀರು ಬಿಡಿ. ಜೋರಾದ ಪ್ರೆಶರ್ ವಾಷರ್ ಹಿಡಿದರೆ ರೆಕ್ಕೆಗಳು ಮಡಚಿಕೊಳ್ಳುತ್ತವೆ. ಆಮೇಲೆ ಮುಚ್ಚಳದ ರಬ್ಬರ್, ಆಮೇಲೆ ಥರ್ಮೋಸ್ಟಾಟ್. ಇವೆಲ್ಲ ಅಗ್ಗದವು. ಬಿಸಿ ಇದ್ದಾಗ ಮುಚ್ಚಳ ಮುಟ್ಟಬೇಡಿ.

ಕರೆಂಟಿನ ವಿಷಯ

ಒಂದು ಸಾಧಾರಣ ಮಲ್ಟಿಮೀಟರ್ ಸಾಕು. ರಾತ್ರಿಯಿಡೀ ನಿಂತ ಬ್ಯಾಟರಿ 12.6 ವೋಲ್ಟ್ ಆಸುಪಾಸು, ಎಂಜಿನ್ ಓಡುವಾಗ 14ರ ಹತ್ತಿರ ಇರಬೇಕು. ಎರಡೂ ಸರಿ ಇದ್ದು ಸ್ಟಾರ್ಟರ್ ಬರೀ ‘ಟಿಕ್’ ಎಂದರೆ ಅರ್ಥಿಂಗ್ ಮೇಲೆ, ಅಂದರೆ ಬ್ಯಾಟರಿ ನೆಗೆಟಿವ್‌ನಿಂದ ಎಂಜಿನ್ನಿಗೆ ಹೋಗುವ ವೈರಿನ ಮೇಲೆ, ಸಂಶಯಪಡಿ. ಮೀಟರಿನ ಒಂದು ಕಡ್ಡಿ ಬ್ಯಾಟರಿ ನೆಗೆಟಿವ್‌ಗೆ, ಇನ್ನೊಂದು ಎಂಜಿನ್ನಿನ ಬರಿ ಲೋಹಕ್ಕೆ ಒತ್ತಿ, ಕೀ ತಿರುಗಿಸಿ. ಅರ್ಧ ವೋಲ್ಟ್‌ಗಿಂತ ಜಾಸ್ತಿ ತೋರಿಸಿದರೆ ಆ ವೈರಿನ ಎರಡೂ ತುದಿ ಬಿಚ್ಚಿ, ಉಪ್ಪುಕಾಗದದಿಂದ ಉಜ್ಜಿ, ಮತ್ತೆ ಬಿಗಿ ಮಾಡಿ. ಸ್ಟಾರ್ಟರ್ ಬಿಚ್ಚುವುದು ಆಮೇಲಿನ ಮಾತು.

ಹಿಂದಿನ ಡ್ರಮ್ ಬ್ರೇಕಿನ ಕೆಸರು ತೊಳೆಯುವುದು, ಎರಡು ವರ್ಷಕ್ಕೊಮ್ಮೆ ಬ್ರೇಕ್ ಆಯಿಲ್ ಬದಲಿಸುವುದು, ಕಮಾನು ಪಟ್ಟಿಯ ಯು ಬೋಲ್ಟ್ ಬಿಗಿ ನೋಡುವುದು, ಮ್ಯಾಟ್ ಎತ್ತಿ ನೆಲದ ತುಕ್ಕು ಕೆರೆಯುವುದು ನಿಮಗೆ ಗೊತ್ತಿರುವ ಕೆಲಸಗಳೇ. ಹಳೇ ಎಣ್ಣೆಯನ್ನು ಚರಂಡಿಗೆ ಬಿಡಬೇಡಿ, ಕ್ಯಾನಿನಲ್ಲಿ ತುಂಬಿ ಹಳೇ ಎಣ್ಣೆ ತೆಗೆದುಕೊಳ್ಳುವ ಗ್ಯಾರೇಜಿಗೆ ಕೊಡಿ. ನಮ್ಮ ಸೊಸೈಟಿ ಚೇರ್ಮನ್ನರಿಗೂ ಅದರಿಂದ ಸಮಾಧಾನ.

ಒಂದು ಸಲಕ್ಕೆ ಒಂದೇ ಭಾಗ ಬದಲಿಸಿ, ತಾರೀಕು ಬರೆದಿಡಿ. ಮೂರು ಒಟ್ಟಿಗೆ ಬದಲಿಸಿದರೆ ಯಾವುದರಿಂದ ವಾಸಿಯಾಯಿತೆಂದೇ ಗೊತ್ತಾಗುವುದಿಲ್ಲ. ನಾನು ರಟ್ಟಿನ ಮೇಲೇ ಬರೆಯುತ್ತೇನೆ. ಈಗ ಹಾಸಿರುವ ರಟ್ಟಿನಲ್ಲಿ ಟ್ರಾನ್ಸ್‌ಫರ್ ಕೇಸಿನ, ಅಂದರೆ ಮುಂದಿನ ಹಿಂದಿನ ಆಕ್ಸಲ್‌ಗೆ ಶಕ್ತಿ ಹಂಚುವ ಪೆಟ್ಟಿಗೆಯ, ಕೆಳಗೆ ರೂಪಾಯಿ ನಾಣ್ಯದಷ್ಟು ಕಲೆ ಇದೆ. ಸುತ್ತ ಪೆನ್ನಿನಿಂದ ಗೆರೆ ಎಳೆದಿದ್ದೇನೆ. ಹೋದ ತಿಂಗಳ ರಟ್ಟಿನಲ್ಲೂ ಅಷ್ಟೇ ಇತ್ತು. ಎರಡು ರೂಪಾಯಿಯಷ್ಟಾದ ದಿನ ಸೀಲ್ ತರಲು ನಾನಾ ಪೇಟೆಗೆ ಹೋಗುತ್ತೇನೆ.